ಹೊರಡುವ ಮುಂಚಿನ ಒಂದು ಸುತ್ತು

ನಮ್ಮವರು ಟ್ರೇಲರ್ ಓಡಿಸುತ್ತಾರೆ. ನಮ್ಮ ಮದುವೆಯಾಗಿ ಹತ್ತೊಂಬತ್ತು ವರ್ಷ. ಈ ಹತ್ತೊಂಬತ್ತು ವರ್ಷದಲ್ಲಿ ನಮ್ಮಿಬ್ಬರ ಮಧ್ಯೆ ಬಗೆಹರಿಯದೆ ಉಳಿದಿದ್ದ ಜಗಳ ಒಂದೇ ಒಂದು. ಬೆಳಗಿನ ಜಾವ ಐದಕ್ಕೆ ಗಾಡಿ ಹೊರಡುತ್ತೆ ಅಂದ್ರೆ ಇವರು ಮೂರೂವರೆಗೇ ಮನೆ ಬಿಡುತ್ತಾರೆ. ಗಾಡಿ ನಿಲ್ಲಿಸುವ ಯಾರ್ಡು ಹಾಸನದ ಹೊರಗಿದೆ, ನಮ್ಮ ಮನೆಯಿಂದ ಬೈಕಿನಲ್ಲಿ ಹತ್ತೇ ನಿಮಿಷ. ಮಿಕ್ಕ ಒಂದೂಕಾಲು ಗಂಟೆ ಎಲ್ಲಿ ಹೋಗ್ತೀರಿ ಅಂದ್ರೆ "ಗಾಡಿ ನೋಡ್ಬೇಕು ಕಣೆ" ಅನ್ನೋ ಒಂದೇ ಉತ್ತರ. ದಿನಾ ನೋಡುವ ಗಾಡೀಲಿ ಅದೇನು ನೋಡೋದು? ಹೊಸದರಲ್ಲಿ ಅನುಮಾನ ಬಂದಿದ್ದೂ ಉಂಟು, ಸುಳ್ಳು ಯಾಕೆ ಹೇಳಲಿ. ಆಮೇಲೆ ಅನುಮಾನ ಹೋಯ್ತು, ಸಿಟ್ಟು ಮಾತ್ರ ಉಳೀತು. ಮೂರು ಗಂಟೆಗೆ ಎದ್ದು ಕಾಫಿ ಮಾಡಿಕೊಡುವವಳು ನಾನಲ್ಲವೇ!

ಇನ್ನೊಂದು ಸಣ್ಣ ವಿಷಯವೂ ಇತ್ತು. ಬಚ್ಚಲಮನೆಯಲ್ಲಿ ತೂಗುಹಾಕಿದ ಶಾಂಪೂ ಸ್ಯಾಶೆಗಳು ಮಾಯವಾಗುತ್ತಿದ್ದವು. ಮಗಳನ್ನು ಬೈದೆ, ಮೈದುನನನ್ನು ಬೈದೆ. ಇವರ ಕೂದಲು ಉದುರಿ ಎಷ್ಟೋ ವರ್ಷವಾದ್ದರಿಂದ ಇವರ ಮೇಲೆ ಅನುಮಾನ ಬರಲೇ ಇಲ್ಲ.

ಮಗಳು ಈಗ ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಹೋದ ಜನವರಿಯಲ್ಲಿ ಅವಳಿಗೆ ಚಕ್ಕುಲಿ, ಚಟ್ನಿಪುಡಿ, ಒಂದು ರಗ್ಗು ಕೊಟ್ಟು ಬರಬೇಕಿತ್ತು. ಇವರಿಗೂ ಅದೇ ದಿನ ಪಣಂಬೂರು ಬಂದರಿಗೆ ಕಾಫಿ ಕಂಟೇನರ್ ಲೋಡು. "ಬಸ್ಸಲ್ಲಿ ಯಾಕೆ ಹೋಗ್ತೀಯಾ, ನನ್ ಜೊತೆ ಬಾ. ಓನರಿಗೆ ಹೇಳ್ತೀನಿ" ಅಂದರು. ಕ್ಲೀನರ್ ಹುಡುಗ ಸಂಕ್ರಾಂತಿಗೆ ಊರಿಗೆ ಹೋದವನು ವಾಪಸ್ ಬಂದಿರಲಿಲ್ಲ. ಅವನ ಸೀಟು ಖಾಲಿ ಇತ್ತು. ಕೆಲಸವೂ ಖಾಲಿ ಇತ್ತು ಅಂತ ನನಗೆ ಆಮೇಲೆ ಗೊತ್ತಾಯ್ತು.

ಮೂರೂಮುಕ್ಕಾಲಿಗೆ ಯಾರ್ಡಿನಲ್ಲಿದ್ದೆವು. ಜನವರಿಯ ಹಾಸನದ ಚಳಿ ಗೊತ್ತಿದ್ದವರಿಗೆ ಹೇಳಬೇಕಿಲ್ಲ. ಶಾಲು ಹೊದ್ದು ನಿಂತರೂ ಹಲ್ಲು ಕಟಕಟ ಅನ್ನುತ್ತಿತ್ತು. ಮಂಜಿನಲ್ಲಿ ಸಾಲಾಗಿ ಟ್ರೇಲರ್‌ಗಳು ನಿಂತಿದ್ದವು. ನಮ್ಮದು ಎರಡು ತುಂಡಾಗಿ ನಿಂತಿತ್ತು. ಡ್ರೈವರ್ ಕೂರುವ ಮುಂದಿನ ಭಾಗಕ್ಕೆ ಇವರೆಲ್ಲ "ಹಾರ್ಸ್" ಅನ್ನುತ್ತಾರೆ, ಕುದುರೆ. ಹಿಂದಿನದು ಟ್ರೇಲರ್. ಹಾರ್ಸಿಗೆ ಹಿಂದಿನ ದಿನ ಸರ್ವೀಸ್ ಇದ್ದಿದ್ದರಿಂದ ಬಿಚ್ಚಿ ಬೇರೆ ನಿಲ್ಲಿಸಿದ್ದರು. ಮುಂದೆ ಚಕ್ರವಿಲ್ಲದ ಟ್ರೇಲರ್ ಎರಡು ಕಬ್ಬಿಣದ ಕಾಲೂರಿಕೊಂಡು, ಬೆನ್ನ ಮೇಲೆ ಕಂಟೇನರ್ ಹೊತ್ತುಕೊಂಡು, ಮೂಕ ಎತ್ತಿನ ಹಾಗೆ ಕಾಯುತ್ತಿತ್ತು. ಅದಕ್ಕೂ ಬೇರೆ ನಂಬರ್ ಪ್ಲೇಟು, ಬೇರೆ ಎಫ್‌ಸಿ ಇರುತ್ತೆ ಅನ್ನೋದು ನನಗೆ ಅವತ್ತೇ ಗೊತ್ತಾಗಿದ್ದು. ಇಷ್ಟು ವರ್ಷ ಎರಡೂ ಸೇರಿ ಒಂದೇ ಗಾಡಿ ಅಂದುಕೊಂಡಿದ್ದೆ.

ಕಂಟೇನರಿನಲ್ಲಿ ಅರವತ್ತು ಕೆಜಿಯ 320 ಚೀಲ ಕಾಫಿ ಬೀಜ. ಅಂದರೆ ಹತ್ತೊಂಬತ್ತು ಟನ್ನಿಗೆ ಮೇಲೆ. ಕ್ಯೂರಿಂಗ್ ವರ್ಕ್ಸಿನಲ್ಲಿ ಹಿಂದಿನ ಸಂಜೆ ತುಂಬಿ ಸೀಲ್ ಹಾಕಿದ್ದರು. ಇಟಲಿಗೆ ಹೋಗುತ್ತಂತೆ. ನಮ್ಮ ಸಕಲೇಶಪುರದ ತೋಟದ ಕಾಫಿಯನ್ನು ಅಲ್ಲಿ ಯಾರೋ ಒಂದು ಗುಟುಕಿನಷ್ಟು ಲೋಟದಲ್ಲಿ ಕುಡಿಯುತ್ತಾರೆ. ಅದು ಶಿರಾಡಿ ಘಾಟಿ ಇಳಿದು ಹೋಗಬೇಕು ಅನ್ನೋದು ಅವರಿಗೇನು ಗೊತ್ತು.

ಇವರು ಹಾರ್ಸನ್ನು ಹಿಂದಕ್ಕೆ ತಂದು ಟ್ರೇಲರಿನ ಮುಂದಿನ ತುದಿಯ ಕೆಳಗೆ ತೂರಿಸಿದರು. "ಕಟಕ್" ಅಂತ ದೊಡ್ಡ ಶಬ್ದ. ನಾನು ಆಯ್ತು ಅಂತ ಚೀಲ ಎತ್ತಿಕೊಂಡೆ. ಇವರು ಟಾರ್ಚ್ ಹಿಡಿದು ಟ್ರೇಲರಿನ ಹೊಟ್ಟೆಯಡಿಗೆ ತೂರಿದರು.

"ಶಬ್ದ ಬಂತಲ್ಲ, ಸೇರ್ತಲ್ಲ?"

"ಶಬ್ದ ನಂಬಬಾರ್ದು ಕಣೆ. ಬಾ ಇಲ್ಲಿ ನೋಡು."

ಬಗ್ಗಿ ನೋಡಿದೆ. ಹಾರ್ಸಿನ ಬೆನ್ನ ಮೇಲೆ ಗ್ರೀಸು ಬಳಿದ ದೊಡ್ಡ ತಟ್ಟೆಯಂಥದ್ದು ಇದೆ. ಫಿಫ್ತ್ ವೀಲ್ ಅಂತಾರೆ, ಹೆಸರಿಗೆ ಮಾತ್ರ ವೀಲು. ಟ್ರೇಲರಿನಿಂದ ಕೆಳಗೆ ಇಳಿಬಿದ್ದ ಕಿಂಗ್ ಪಿನ್ ಅನ್ನೋ ಉಕ್ಕಿನ ಗೂಟ ಆ ತಟ್ಟೆಯ ಸೀಳಿನೊಳಗೆ ಬಂದು ಕೂರಬೇಕು. ಹಿಂದಿನಿಂದ ಒಂದು ದವಡೆ ಬಂದು ಅದನ್ನು ಕಚ್ಚಿ ಹಿಡಿಯಬೇಕು. ಆ ಗೂಟ ಎಷ್ಟು ದಪ್ಪ ಅಂತೀರಿ? ಎರಡು ಇಂಚು. ನಮ್ಮ ಒನಕೆಗಿಂತ ಸಣ್ಣದು! ಹತ್ತೊಂಬತ್ತು ಟನ್ ಕಾಫಿ, ಕಂಟೇನರು, ಟ್ರೇಲರು ಎಲ್ಲವನ್ನೂ ಎಳೆಯುವುದು ಅಷ್ಟೇ. ಕೆಲವು ಸಲ ಟ್ರೇಲರ್ ಸ್ವಲ್ಪ ಎತ್ತರದಲ್ಲಿ ನಿಂತಿದ್ದರೆ ಗೂಟ ದವಡೆಯ ಮೇಲೇ ಕೂತುಬಿಡುತ್ತಂತೆ. ಆಗಲೂ ಶಬ್ದ ಬರುತ್ತೆ, ಗಾಡಿ ಮುಂದಕ್ಕೂ ಹೋಗುತ್ತೆ. ಮೊದಲ ಹಂಪಿನಲ್ಲೋ ಮೊದಲ ತಿರುವಿನಲ್ಲೋ ಕುದುರೆ ಒಂದು ಕಡೆ, ಬಂಡಿ ಒಂದು ಕಡೆ. ಅದಕ್ಕೇ ದವಡೆ ಮುಚ್ಚಿದೆಯಾ, ತಟ್ಟೆಗೂ ಟ್ರೇಲರಿಗೂ ನಡುವೆ ಬೆಳಕು ಕಾಣುತ್ತಾ ಅಂತ ಟಾರ್ಚ್ ಬಿಟ್ಟು ನೋಡಬೇಕು. ಬೆಳಕು ಕಂಡರೆ ಸರಿಯಾಗಿ ಕೂತಿಲ್ಲ ಅಂತ ಲೆಕ್ಕ.

ನೋಡಿದ ಮೇಲೂ ನಂಬಿಕೆ ಇಲ್ಲ. ಟ್ರೇಲರಿನ ಬ್ರೇಕ್ ಹಿಡಿದು, ಒಂದನೇ ಗೇರಿನಲ್ಲಿ ಹಾರ್ಸನ್ನು ಮೆಲ್ಲಗೆ ಮುಂದಕ್ಕೆ ಜಗ್ಗಿದರು. ಜಗ್ಗಿದರೂ ಬಿಡದಿದ್ದ ಮೇಲೆ ಕೆಳಗಿಳಿದು, ಹ್ಯಾಂಡಲ್ ತಿರುಗಿಸಿ ಕಬ್ಬಿಣದ ಕಾಲುಗಳನ್ನು ಎತ್ತಿದರು. ಅದು ಎಂಥಾ ತಿರುಗಿಸುವುದು ಗೊತ್ತಾ, ರುಬ್ಬುವ ಕಲ್ಲಿನಲ್ಲಿ ಐದು ಸೇರು ಹಿಟ್ಟು ರುಬ್ಬಿದ ಹಾಗೆ.

ಆಮೇಲೆ ಗಾಳಿಯ ಪೈಪುಗಳು. ಹಾರ್ಸಿನಿಂದ ಟ್ರೇಲರಿಗೆ ಎರಡು ಸುರುಳಿ ಪೈಪು ಹೋಗುತ್ತವೆ, ಕೆಂಪು ಒಂದು, ಹಳದಿ ಒಂದು, ಜೊತೆಗೆ ಲೈಟಿನ ವೈರು. ಹಳದಿಯದು ಪೆಡಲ್ ತುಳಿದಾಗ ಟ್ರೇಲರಿನ ಚಕ್ರಗಳಿಗೆ ಬ್ರೇಕ್ ಹಿಡಿ ಅಂತ ಹೇಳುವುದು. ಕೆಂಪಿನದು ಯಾವಾಗಲೂ ಗಾಳಿ ತುಂಬಿಕೊಂಡಿರುವ ಪೈಪು. ಅದು ಕಿತ್ತುಬಂದರೆ ಟ್ರೇಲರಿನ ಬ್ರೇಕು ತಾನಾಗಿಯೇ ಬಿಗಿದುಕೊಳ್ಳುತ್ತೆ. ಬ್ರೇಕ್ ಹೋಗುವುದಕ್ಕಿಂತ ಬ್ರೇಕ್ ಹಿಡಿದು ನಿಲ್ಲುವುದು ವಾಸಿ ಅಂತ ಮಾಡಿರುವ ವ್ಯವಸ್ಥೆ. ಯಾರು ಯೋಚನೆ ಮಾಡಿದರೋ, ಪುಣ್ಯಾತ್ಮರು. ಧರ್ಮಸ್ಥಳಕ್ಕೋ ಸುಬ್ರಹ್ಮಣ್ಯಕ್ಕೋ ಹೋಗುವಾಗ ಘಾಟಿಯಲ್ಲಿ ದೊಡ್ಡ ಗಾಡಿಯೊಂದು ಅಡ್ಡ ನಿಂತು ಗಂಟೆಗಟ್ಟಲೆ ಬಸ್ಸಿನಲ್ಲಿ ಕೂತು ಬೈದುಕೊಂಡಿದ್ದೀರಾ? ನಾನೂ ಬೈದಿದ್ದೇನೆ. ಅದರಲ್ಲಿ ಕೆಲವು ಹೀಗೆ ಬ್ರೇಕ್ ಬಿಗಿದು ನಿಂತವು ಅಂತ ಇವರು ಹೇಳಿದ ಮೇಲೆ ಬೈಗುಳ ಸ್ವಲ್ಪ ಕಡಿಮೆ ಮಾಡಿಕೊಂಡಿದ್ದೇನೆ.

ಇಷ್ಟಾದ ಮೇಲೆ ಶುರುವಾಯ್ತು ಸುತ್ತು. ಡ್ರೈವರ್ ಬಾಗಿಲಿನಿಂದ ಹಿಂದಕ್ಕೆ ಹೋಗಿ, ಟ್ರೇಲರಿನ ಬಾಲ ಬಳಸಿ, ಎಡಗಡೆಯಿಂದ ಮುಂದಕ್ಕೆ ಬರುವುದು. ಗಾಡಿ ಯಾವಾಗಲೂ ಬಲಗೈ ಕಡೆಗೇ ಇರುತ್ತೆ. "ಪ್ರದಕ್ಷಿಣೆ ಇದ್ದಂಗಿದೆ" ಅಂದೆ. "ನಮ್ ಗುರುಗಳು ಹಂಗೇ ಕಲಿಸಿದ್ದು. ದಿನಾ ಒಂದೇ ಕಡೆಯಿಂದ ಹೋದ್ರೆ ಒಂದೂ ಬಿಟ್ಟೋಗಲ್ಲ" ಅಂದರು. ಗುರುಗಳು ಅಂದರೆ ಇವರು ಕ್ಲೀನರ್ ಆಗಿದ್ದಾಗಿನ ಡ್ರೈವರ್. ಈಗಿಲ್ಲ, ಹೋಗಿ ಹತ್ತು ವರ್ಷವಾಯ್ತು.

ಕೈಯಲ್ಲಿ ಟಾಮಿ ರಾಡು. ಪ್ರತಿ ಟೈರಿಗೂ ಅದರಿಂದ ಒಂದೊಂದು ಏಟು. ಗಾಳಿ ಇರುವ ಟೈರು ಏಟು ಬಿದ್ದ ಕೂಡಲೆ ರಾಡನ್ನು ಪುಟಿಸುತ್ತೆ, "ಠಣ್" ಅನ್ನುತ್ತೆ. ಗಾಳಿ ಇಳಿದದ್ದು "ಧಪ್" ಅಂತ ಸುಮ್ಮನಾಗುತ್ತೆ, ನೆನೆದ ಹಾಸಿಗೆಗೆ ಹೊಡೆದಂತೆ. ಟ್ರೇಲರಿನಲ್ಲಿ ಟೈರು ಜೋಡಿ ಜೋಡಿ ಇರುವುದರಿಂದ ಒಳಗಿನದು ಪಂಕ್ಚರ್ ಆದರೆ ಹೊರಗಿನದು ಅದನ್ನೂ ಹೊತ್ತುಕೊಂಡು ಗಟ್ಟಿಯಾಗಿ ನಿಂತಿರುತ್ತೆ. ನೋಡಿದರೆ ಏನೂ ಗೊತ್ತಾಗಲ್ಲ. ಹತ್ತಿಪ್ಪತ್ತು ಕಿಲೋಮೀಟರು ಹೋದ ಮೇಲೆ ಬಿಸಿಯಾಗಿ ಎರಡೂ ಒಡೆಯುತ್ತವೆ. (ನಮ್ಮ ಕೆಲವು ಸಂಸಾರಗಳ ಥರ ಅಂತ ಮನಸ್ಸಿನಲ್ಲೇ ಅಂದುಕೊಂಡೆ, ಹೇಳಲಿಲ್ಲ.) ಜೋಡಿ ಟೈರಿನ ನಡುವೆ ಒಂದು ಜಲ್ಲಿಕಲ್ಲು ಸಿಕ್ಕಿಕೊಂಡಿತ್ತು, ರಾಡಿನಿಂದ ಮೀಟಿ ತೆಗೆದರು.

ಆಮೇಲೆ ಚಕ್ರದ ನಟ್ಟುಗಳು, ಒಂದೊಂದು ಕಡೆ ಹತ್ತು. ಸ್ಪ್ಯಾನರ್ ಹಾಕಿ ಎಲ್ಲ ಬಿಗಿ ಮಾಡುತ್ತಾರೆ ಅಂದುಕೊಂಡೆ. ಇಲ್ಲ, ಟಾರ್ಚ್ ಹಾಕಿ ಸುಮ್ಮನೆ ನೋಡಿದರು. ನಟ್ಟು ಸಡಿಲವಾಗಿದ್ದರೆ ಅದರ ಬುಡದಿಂದ ತುಕ್ಕಿನ ಗೆರೆಯೊಂದು ಕಣ್ಣೀರಿನ ಹಾಗೆ ಇಳಿದಿರುತ್ತಂತೆ. ನಮ್ಮದರಲ್ಲಿ ಯಾವುದೂ ಅತ್ತಿರಲಿಲ್ಲ. ಬ್ಲೇಡ್ ಪಟ್ಟಿಗಳಲ್ಲಿ ಸೀಳು ಬಿಟ್ಟಿದೆಯಾ, ಯು ಬೋಲ್ಟು ಜಾರಿದೆಯಾ, ಹಬ್ಬಿನಿಂದ ಗ್ರೀಸು ಉಗುಳಿದೆಯಾ ಅಂತ ಒಂದೊಂದೇ ನೋಡುತ್ತಾ ಹೋದರು. ಕಂಟೇನರಿನ ನಾಲ್ಕು ಮೂಲೆಯಲ್ಲಿ ಟ್ವಿಸ್ಟ್ ಲಾಕ್ ಅಂತ ಇರುತ್ತವೆ, ತಿರುಗಿಸಿದರೆ ಕಂಟೇನರನ್ನು ಟ್ರೇಲರಿಗೆ ಕಚ್ಚಿಸುವಂಥವು. ನಾಲ್ಕನ್ನೂ ಕೈಯಿಂದ ಅಲ್ಲಾಡಿಸಿ ನೋಡಿದರು. ಮೂರು ಹಾಕಿ ಒಂದು ಬಿಟ್ಟರೂ ತಿರುವಿನಲ್ಲಿ ಕಂಟೇನರು ಕಾಲು ಎತ್ತುತ್ತಂತೆ.

ಹಿಂದೆ ಬಂದಾಗ ನನಗೆ ಕೆಲಸ ಬಿತ್ತು. ಕ್ಯಾಬಿನ್ ಹತ್ತಿ ಇಂಡಿಕೇಟರ್ ಹಾಕು, ಬ್ರೇಕ್ ತುಳಿ, ರಿವರ್ಸ್ ಹಾಕು. ಇವರು ಹಿಂದೆ ನಿಂತು "ಹ್ಞೂಂ, ಹ್ಞೂಂ" ಅನ್ನುತ್ತಿದ್ದರು. ಕೆಂಪು ರಿಫ್ಲೆಕ್ಟರ್ ಪಟ್ಟಿಯ ಮೇಲೆ ಕೂತಿದ್ದ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಬಾಲದ ಕೆಳಗಿನ ಅಡ್ಡ ಕಂಬಿ ಗಟ್ಟಿ ಇದೆಯಾ ಅಂತ ಕಾಲಿಟ್ಟು ಒತ್ತಿದರು. ಕತ್ತಲಲ್ಲಿ ಬೈಕಿನ ಹುಡುಗರು ಹಿಂದಿನಿಂದ ಬಂದು ನುಗ್ಗಿದರೆ ಗಾಡಿಯಡಿಗೆ ಹೋಗದೆ ಅಲ್ಲೇ ತಡೆಯಲಿ ಅಂತ ಅದು ಇರುವುದು. ಸೀಲಿನ ನಂಬರು ಇವರು ಓದಿದರು, ನಾನು ಕಾಗದದಲ್ಲಿ ತಾಳೆ ನೋಡಿದೆ. ಎಂಟು ಅಂಕಿ ತಾಳೆಯಾಯ್ತು.

ಗಂಟೆ ನಾಲ್ಕೂವರೆ. ಉಳಿದದ್ದು ಬ್ರೇಕು. "ಇದೇ ಮುಖ್ಯ. ಇವತ್ತು ಹತ್ತೋದಲ್ಲ, ಇಳಿಯೋದು" ಅಂದರು.

ಎಂಜಿನ್ ಓಡಿಸಿ ಗಾಳಿ ತುಂಬಿಸಿ, ಮೀಟರಿನ ಮುಳ್ಳು ಎಂಟರ ಹತ್ತಿರ ಬಂದ ಮೇಲೆ ಎಂಜಿನ್ ಆಫ್ ಮಾಡಿದರು. ನಾನು ಪೆಡಲನ್ನು ಪೂರ್ತಿ ತುಳಿದು ಹಿಡಿದುಕೊಂಡಿರಬೇಕು. ಇವರು ಸೀಮೆಸುಣ್ಣ ಹಿಡಿದು ಗಾಡಿಯಡಿಗೆ ಹೋದರು. ಪ್ರತಿ ಚಕ್ರದ ಬ್ರೇಕ್ ಚೇಂಬರಿನಿಂದ ಒಂದು ಕಂಬಿ ಹೊರಬಂದು ಬ್ರೇಕನ್ನು ತಿರುಗಿಸುತ್ತೆ. ತುಳಿಯುವ ಮುಂಚೆ ಕಂಬಿಯ ಮೇಲೊಂದು ಸುಣ್ಣದ ಗುರುತು ಹಾಕುವುದು, ತುಳಿದಾಗ ಗುರುತು ಎಷ್ಟು ದೂರ ಹೋಯ್ತು ಅಂತ ನೋಡುವುದು. ಜಾಸ್ತಿ ದೂರ ಹೋದರೆ ಆ ಚಕ್ರದ ಬ್ರೇಕು ಸಡಿಲ. ಆ ಚಕ್ರ ಕೆಲಸ ಕದಿಯುತ್ತಿದೆ, ಬೇರೆಯವು ಅದರ ಪಾಲನ್ನೂ ಮಾಡುತ್ತಿವೆ ಅಂತ ಅರ್ಥ.

"ತುಳಿ!" "ಬಿಡು!" "ತುಳಿ!" ಚಳಿಯಲ್ಲಿ ನನ್ನ ಕಾಲು ಜೋಮು ಹಿಡಿಯಿತು. ನಾಲ್ಕನೆಯದಕ್ಕೆ ಬಂದಾಗ ಇವರು ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು "ಹಿಡ್ಕೊಂಡೇ ಇರು, ಬಿಡಬೇಡ" ಅಂದರು. ನನಗೂ ಕೇಳಿಸಿತು. ಎಲ್ಲೋ ಹಿಂದೆ, ಕುಕ್ಕರಿನ ಗ್ಯಾಸ್ಕೆಟ್ ಹೋದಾಗ ಬರುವಂಥ ಸಣ್ಣ "ಸುಸ್ಸ್".

ಆಗ ಬಂತು ನೋಡಿ ನೀಲಿ ಬಾಟಲಿ. ನೀರಿಗೆ ಶಾಂಪೂ ಕದಡಿದ್ದು! ಎಡಗಡೆ ಕೊನೆಯ ಚಕ್ರದ ಪೈಪಿನ ಮೇಲೆ ಸುರಿದರು. ಒಂದು ಕಡೆ ಬಿಳಿ ಗುಳ್ಳೆ ಉಬ್ಬಿ ಉಬ್ಬಿ ಒಡೆಯತೊಡಗಿತು. ರಬ್ಬರ್ ಪೈಪು ಚಾಸಿಸ್ಸಿನ ಅಂಚಿಗೆ ತಿಕ್ಕಿ ತಿಕ್ಕಿ ಸವೆದು ಒಳಗಿನ ನೂಲು ಕಾಣುತ್ತಿತ್ತು. ಹತ್ತೊಂಬತ್ತು ವರ್ಷದ ಶಾಂಪೂ ಲೆಕ್ಕ ಅಲ್ಲಿ ಚುಕ್ತಾ ಆಯ್ತು. ಆದರೆ ನಗುವ ಹೊತ್ತಾಗಿರಲಿಲ್ಲ.

ಬ್ರೇಕ್ ಸಡಿಲ ಇದ್ದಿದ್ದರೆ ಇವರೇ ಸ್ಪ್ಯಾನರಿನಲ್ಲಿ ಬಿಗಿ ಮಾಡಿ, ಕಾಲು ಸುತ್ತು ಹಿಂದಕ್ಕೆ ಬಿಟ್ಟು ಸರಿ ಮಾಡುತ್ತಿದ್ದರು. ಪೈಪು ಹಾಗಲ್ಲ, ಹೊಸದೇ ಬೇಕು. ಬಿ.ಎಂ. ರೋಡಿನ ಅಂಗಡಿ ತೆಗೆಯುವುದು ಎಂಟಕ್ಕೆ. ಕಂಟೇನರು ಸಂಜೆ ಐದರೊಳಗೆ ಬಂದರಿನ ಗೇಟು ಸೇರಬೇಕು, ಇಲ್ಲದಿದ್ದರೆ ಆ ಹಡಗು ತಪ್ಪುತ್ತೆ. ಇವರು ಟ್ರಾನ್ಸ್‌ಪೋರ್ಟ್ ಆಫೀಸಿನ ಸೂಪರ್‌ವೈಸರಿಗೆ ಫೋನ್ ಮಾಡಿದರು. ಆ ಕಡೆಯ ಮಾತು ನನಗೂ ಕೇಳುವಷ್ಟು ಜೋರಾಗಿತ್ತು.

"ಒಂದು ಪೈಪಿಗೆಲ್ಲ ಗಾಡಿ ನಿಲ್ಲಿಸ್ತೀರೇನ್ರೀ? ಟ್ಯೂಬ್ ಸುತ್ತಿ, ಬಿಗಿಯಾಗಿ ಕಟ್ಟಿ ಬನ್ನಿ. ಮಂಗ್ಳೂರಲ್ಲಿ ಹೊಸದು ಹಾಕಿಸಿದ್ರಾಯ್ತು."

"ಘಾಟಿ ಇಳೀಬೇಕು ಸಾರ್."

"ಎಲ್ರೂ ಇಳೀತಾರೆ."

"ಇಳೀತಾರೆ ಸಾರ್. ನಾನು ಪೈಪ್ ಹಾಕ್ಕೊಂಡು ಇಳೀತೀನಿ."

ಹಡಗು ತಪ್ಪಿದರೆ ನಿಮ್ಮ ಬಾಟಾದಲ್ಲಿ ಹಿಡೀತೀವಿ ಅಂತಲೂ ಹೇಳಿದರು. ಇವರು "ಆಯ್ತು ಸಾರ್" ಅಂತ ಫೋನ್ ಇಟ್ಟರು. ನನಗೆ ಹೊಟ್ಟೆಯಲ್ಲಿ ಸಂಕಟ. ಮಗಳ ಫೀಸಿನ ಕಂತು ಆ ತಿಂಗಳೇ ಕಟ್ಟಬೇಕಿತ್ತು. ಅಷ್ಟೊಂದು ಜನ ಟ್ಯೂಬ್ ಸುತ್ತಿಕೊಂಡು ಹೋಗ್ತಾರೆ ಅಂದ ಮೇಲೆ ನಾವೂ ಹೋಗಬಹುದಲ್ಲ ಅಂತ ಬಾಯಿಗೂ ಬಂತು. ಹೇಳಿಯೂಬಿಟ್ಟೆ.

ಇವರು ಕ್ಯಾಬಿನ್ನಿನ ಮೆಟ್ಟಿಲ ಮೇಲೆ ಕೂತು, ಕೈ ಒರೆಸಿಕೊಳ್ಳುತ್ತಾ, "ನಾನೂ ಹೋಗಿದೀನಿ" ಅಂದರು.

ಮಗಳಿಗೆ ಆಗ ಏಳು ತಿಂಗಳು. ಮಳೆಗಾಲ. ಬೇರೆ ಓನರಿನ ಗಾಡಿ. ಇದೇ ಥರ ಪೈಪು, ಇದೇ ಥರ ಅರ್ಜೆಂಟು. ಸೈಕಲ್ ಟ್ಯೂಬ್ ಸೀಳಿ ಸುತ್ತಿಕೊಂಡು ಹೊರಟಿದ್ದಾರೆ. ಮಾರನಹಳ್ಳಿ ದಾಟಿ ಇಳಿಯುವಾಗ ಸುತ್ತಿದ ಟ್ಯೂಬು ಬಿಚ್ಚಿಕೊಂಡಿದೆ. ಒಂದು ಚಕ್ರ ಬ್ರೇಕ್ ಹಿಡಿಯದೆ ಮಿಕ್ಕವು ಕಾದು ಸುಟ್ಟ ವಾಸನೆ ಬಂದಿದೆ. ಕಾದ ಡ್ರಮ್ಮಿಗೆ ಲೈನರ್ ಹಿಡಿಯಲ್ಲ, ಪೆಡಲ್ ತುಳಿದರೂ ಗಾಡಿ ಓಡುತ್ತಲೇ ಇರುತ್ತೆ. ಹಿಂದಿನ ಭಾರ ಮುಂದಕ್ಕೆ ತಳ್ಳುತ್ತೆ, ತಿರುವಿನಲ್ಲಿ ಹಾರ್ಸು ಅಡ್ಡ ತಿರುಗಲು ನೋಡುತ್ತೆ. ಎದುರಿನಿಂದ ಬಸ್ಸಿನ ಲೈಟು. ಇವರು ಗುಡ್ಡದ ಕಡೆಯ ಚರಂಡಿಗೆ ಚಕ್ರ ಇಳಿಸಿ, ಧರೆಯ ಮಣ್ಣಿಗೆ ಗಾಡಿಯನ್ನು ಉಜ್ಜಿ ಉಜ್ಜಿ ನಿಲ್ಲಿಸಿದ್ದಾರೆ. ಬಸ್ಸು ಪಕ್ಕದಲ್ಲೇ ಹಾದುಹೋಗಿದೆ. ಅದರಲ್ಲಿದ್ದವರಿಗೆ ಏನೂ ಗೊತ್ತಾಗಿಲ್ಲ, ಕಿಟಕಿಯಲ್ಲಿ ಒಂದು ಮಗು ನಿದ್ದೆ ಮಾಡುತ್ತಿತ್ತಂತೆ.

ನನಗೆ ಆ ರಾತ್ರಿ ನೆನಪಿದೆ. ಮನೆಗೆ ಬಂದವರು ಊಟ ಬೇಡ ಅಂದು, ಜ್ವರ ಅಂತ ಹೇಳಿ, ತೊಟ್ಟಿಲ ಪಕ್ಕದಲ್ಲಿ ಬರೀ ನೆಲದ ಮೇಲೆ ಮಲಗಿದ್ದರು. ಹಣೆ ಮುಟ್ಟಿ ನೋಡಿದರೆ ಜ್ವರ ಇರಲಿಲ್ಲ. ನಾನು ಕೇಳಲಿಲ್ಲ, ಇವರು ಹೇಳಲಿಲ್ಲ.

"ಅವತ್ತಿಂದ ಮೂರೂವರೆಗೆ ಹೋಗೋಕೆ ಶುರು ಮಾಡಿದ್ರಾ?"

"ಅದಕ್ಕೂ ಮುಂಚೆ ಹೋಗ್ತಿದ್ದೆ. ಅವತ್ತೊಂದಿನ ನೋಡಿದ್ದೂ ನೋಡ್ದಂಗೆ ಹೋದೆ."

ಮುಂದೆ ಮಾತಿಲ್ಲ. ಚಕ್ಕುಲಿ ಡಬ್ಬ ತೆಗೆದೆ, ಮಗಳ ಪಾಲಿನಲ್ಲಿ ನಾಲ್ಕು ಖರ್ಚಾಯ್ತು.

ಏಳೂಕಾಲಿಗೇ ಅಂಗಡಿಯ ಭಾಯ್ ಮನೆಗೆ ಬೈಕಿನಲ್ಲಿ ಹೋಗಿ ಎಬ್ಬಿಸಿಕೊಂಡು ಬಂದರು. ಭಾಯ್ ಮಫ್ಲರ್ ಸುತ್ತಿಕೊಂಡೇ ಬಂದು ಹಳೆ ಪೈಪಿನ ಅಳತೆಗೆ ಹೊಸದು ಕೊಟ್ಟರು. "ಅಕ್ಕಾ, ಇವ್ರು ಒಬ್ರೇ ನನ್ನ ನಿದ್ದೆ ಕೆಡ್ಸೋದು. ಬೇರೆಯವ್ರೆಲ್ಲ ಒಡೆದ್ಮೇಲೆ ಬರ್ತಾರೆ" ಅಂತ ನಕ್ಕರು. ದುಡ್ಡು ಇವರ ಜೇಬಿನಿಂದಲೇ ಹೋಯ್ತು, ಬಿಲ್ಲು ಕೊಟ್ಟರೆ ಆಮೇಲೆ ಬರುತ್ತಂತೆ. ಈ ಸಲ ಪೈಪನ್ನು ಅಂಚಿಗೆ ತಾಗದಂತೆ ಕ್ಲಾಂಪ್ ಹಾಕಿ ಸರಿಸಿ ಕಟ್ಟಿದರು. ಮತ್ತೆ ಗಾಳಿ, ಮತ್ತೆ ಪೆಡಲು, ಮತ್ತೆ ಶಾಂಪೂ. ಗುಳ್ಳೆ ಇಲ್ಲ. ಹೊರಡುತ್ತಾರೆ ಅಂದುಕೊಂಡರೆ ಮತ್ತೆ ಬಾಗಿಲಿನಿಂದ ಒಂದು ಸುತ್ತು! "ನಾವು ಕೆಲ್ಸ ಮಾಡ್ತಾ ಇದ್ದಾಗ ಯಾರಾದ್ರೂ ಬಂದು ಏನಾದ್ರೂ ಮುಟ್ಟಿದ್ರೆ?" ಯಾರೂ ಬಂದಿರಲಿಲ್ಲ. ಆದರೂ ಸುತ್ತಿದರು. ಈ ಸಲ ನಾನೂ ಹಿಂದೆ ಹೋದೆ. ಎಂಟೂಕಾಲಿಗೆ, ಮುಂದಿನ ಚಕ್ರದಡಿ ನಿಂಬೆಹಣ್ಣಿಟ್ಟು ಹೊರಟೆವು. ನಿಂಬೆಹಣ್ಣು ನನ್ನ ಕಡೆಯದು.

ಆಲೂರು, ಬಾಳ್ಳುಪೇಟೆ, ಸಕಲೇಶಪುರ. ಕ್ಯಾಬಿನ್ನಿನಿಂದ ನೋಡಿದರೆ ಊರುಗಳೇ ಬೇರೆ ಥರ ಕಾಣುತ್ತವೆ, ಮನೆಗಳ ಹೆಂಚು, ಕಣದಲ್ಲಿ ಒಣಗುವ ಕಾಫಿ, ಹಿತ್ತಿಲಲ್ಲಿ ಪಾತ್ರೆ ತಿಕ್ಕುವ ಹೆಂಗಸರು. ದೋಣಿಗಲ್ಲಿಗೆ ಮುಂಚೆ ಗಾಡಿ ಪಕ್ಕಕ್ಕೆ ಹಾಕಿ ಇಳಿದರು. ಪ್ರತಿ ಹಬ್ಬಿನ ಹತ್ತಿರ ಅಂಗೈಯ ಹಿಂಭಾಗ ಒಡ್ಡಿ ಬಿಸಿ ನೋಡಿದರು, ಮಗುವಿಗೆ ಹಾಲು ಕೊಡುವ ಮುಂಚೆ ನಾವು ನೋಡುತ್ತೇವಲ್ಲ ಹಾಗೆ. ಒಂದು ಮಾತ್ರ ಹೆಚ್ಚು ಬಿಸಿ ಇದ್ದರೆ ಆ ಬ್ರೇಕು ಬಿಡದೆ ಕಚ್ಚಿಕೊಂಡಿದೆ ಅಂತ. ತಣ್ಣಗೇ ಇದ್ದರೆ ಹಿಡಿಯುತ್ತಲೇ ಇಲ್ಲ ಅಂತ. ನಾಲ್ಕೂ ಒಂದೇ ಹದದಲ್ಲಿದ್ದವು.

ಆಮೇಲೆ ಇಳಿಜಾರು. ಈ ದಾರಿಗೆ ಕಾಂಕ್ರೀಟ್ ಹಾಕಲು 2015ರಲ್ಲಿ ಒಮ್ಮೆ, 2018ರಲ್ಲಿ ಒಮ್ಮೆ ತಿಂಗಳುಗಟ್ಟಲೆ ಮುಚ್ಚಿದ್ದರು. ಆಗ ಇವರು ಸುತ್ತು ಹೊಡೆದು ಹೋಗಿ ಮೂರು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಈಗ ರಸ್ತೆ ಗಟ್ಟಿಯಿದೆ, ಆದರೆ ತಿರುವು ತಿರುವೇ, ಇಳಿಜಾರು ಇಳಿಜಾರೇ. ಒಂದು ಪಕ್ಕ ಕಾಡು ಹತ್ತಿದ ಗುಡ್ಡ, ಇನ್ನೊಂದು ಪಕ್ಕ ಆಳದಲ್ಲಿ ಕೆಂಪುಹೊಳೆ. ಕಾಡಿನಾಚೆ ಎಲ್ಲೋ ಐವತ್ತೇಳು ಸುರಂಗಗಳ ರೈಲುದಾರಿ. ನಾನು ನೋಡಿದ್ದು ಮಾತ್ರ ಇವರ ಬಲಗಾಲನ್ನು. ಅದು ಬ್ರೇಕಿನ ಮೇಲೆ ಇರಲೇ ಇಲ್ಲ! ಹತ್ತುವ ಗೇರಿನಲ್ಲೇ ಇಳಿಯಬೇಕಂತೆ. ಸಣ್ಣ ಗೇರು, ಎಕ್ಸಾಸ್ಟ್ ಬ್ರೇಕು. "ಗುರ್ರ್‌ರ್" ಅಂತ ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ಇಳಿಸುತ್ತೆ. ಬ್ರೇಕನ್ನು ಆಗಾಗ ಒಂದು ಸಲ ಗಟ್ಟಿಯಾಗಿ ತುಳಿದು ಬಿಟ್ಟುಬಿಡುತ್ತಾರೆ, ಉದ್ದಕ್ಕೂ ಒತ್ತಿಕೊಂಡಿರುವುದಿಲ್ಲ. ಹಿಂದೆ ಕಾರುಗಳು ಹಾರ್ನ್ ಹೊಡೆದೂ ಹೊಡೆದೂ ಸಾಕಾಗಿ, ತಿರುವಿನಲ್ಲೇ ನುಗ್ಗಿ ಮುಂದೆ ಹೋದವು. ಒಂದು ಕಾರಿನವರು ಕೈ ಹೊರಗೆ ಹಾಕಿ ಏನೋ ಬೈದರು. ಇವರು ಪಕ್ಕಕ್ಕೆ ಸರಿದು ಅವರಿಗೆ ಇಂಡಿಕೇಟರ್ ಹಾಕಿ ದಾರಿ ಬಿಟ್ಟರು.

ಒಂದು ಜಾಗದಲ್ಲಿ ಎಡಗೈ ಎತ್ತಿ ಧರೆಯ ಕಡೆ ತೋರಿಸಿದರು. ಏನೂ ಇರಲಿಲ್ಲ, ಪಾಚಿ ಹಿಡಿದ ಮಣ್ಣು, ಒಂದಿಷ್ಟು ಜರೀಗಿಡ. "ಅಲ್ಲೇ" ಅಂದರು. ನಾನು ಕುತ್ತಿಗೆ ತಿರುಗಿಸಿ ಕಾಣುವಷ್ಟು ದೂರ ನೋಡಿದೆ.

ಗುಂಡ್ಯದಲ್ಲಿ ಶಾಲು ತೆಗೆದೆ. ಘಾಟಿ ಇಳಿದ ಕೂಡಲೆ ಬೆವರು. ಅಲ್ಲಿ ಮತ್ತೆ ಇಳಿದು ಹಬ್ಬುಗಳನ್ನು ಮುಟ್ಟಿ ನೋಡಿದ್ದು ನಾನು, ಇವರು ಟೀ ಹೇಳಲು ಹೋಗಿದ್ದರು. ಎಡಗಡೆ ಕೊನೆಯದು ಮಿಕ್ಕವುಗಳಷ್ಟೇ ಬಿಸಿ. ಬಂದು ಹೇಳಿದೆ. ಇವರು "ಹ್ಞಾಂ" ಅಂದು, ಟೀ ನನ್ನ ಕೈಗೆ ಕೊಟ್ಟು, ಹೋಗಿ ತಾವೂ ಒಂದು ಸಲ ಮುಟ್ಟಿ ನೋಡಿಕೊಂಡು ಬಂದರು. ನನಗೆ ಬೇಜಾರಾಗಲಿಲ್ಲ.

ನೆಲ್ಯಾಡಿ, ಉಪ್ಪಿನಂಗಡಿ, ಕಲ್ಲಡ್ಕ, ಬಿ.ಸಿ. ರೋಡು ಅಂತ ಬಿಸಿಲಿನಲ್ಲಿ ತೆವಳಿ, ನಂತೂರಿನ ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ನಿಂತು, ಕೂಳೂರು ಸೇತುವೆ ದಾಟಿ ಪಣಂಬೂರಿಗೆ ಬಂದಾಗ ನಾಲ್ಕೂ ಹತ್ತು. ಗೇಟಿನ ಮುಂದೆ ಉದ್ದ ಸಾಲು. ಐದಾಗಲು ಹತ್ತು ನಿಮಿಷ ಇದ್ದಾಗ ನಮ್ಮ ಸರದಿ ಬಂತು. ಇವರು ಕಾಗದ ತೆಗೆದುಕೊಂಡು ಇಳಿದು ಹೋಗಿ, ನಗುತ್ತಾ ಬಂದರು.

"ಏನಂತೆ?"

"ಹಡಗೇ ಬಂದಿಲ್ವಂತೆ. ನಾಳೆ ಮಧ್ಯಾಹ್ನಕ್ಕೆ ಹೋಗಿದೆ."

ಸೂಪರ್‌ವೈಸರ್ ಆಮೇಲೆ ಫೋನೂ ಮಾಡಲಿಲ್ಲ, ಬಾಟಾವನ್ನೂ ಹಿಡಿಯಲಿಲ್ಲ. ಪೈಪಿನ ಬಿಲ್ಲಿನ ದುಡ್ಡು ಇದನ್ನು ಬರೆಯುವವರೆಗೂ ಬಂದಿಲ್ಲ.

ಒಳಗೆ ನನ್ನನ್ನು ಬಿಡುವುದಿಲ್ಲವಾದ್ದರಿಂದ ಗೇಟಿನ ಆಚೆ ಹೆದ್ದಾರಿ ಪಕ್ಕದಲ್ಲೇ ಇಳಿದೆ. ಮಗಳು ಬಸ್ ಸ್ಟಾಪಿಗೆ ಬಂದಿದ್ದಳು. ರಗ್ಗು ತಗೊಂಡಳು, ಚಕ್ಕುಲಿ ಡಬ್ಬ ಅಲ್ಲಾಡಿಸಿ "ಇಷ್ಟೇನಾ?" ಅಂದಳು. ಆಮೇಲೆ ನನ್ನ ಕೈ ಹಿಡಿದುಕೊಂಡು, ಮೂಗು ಮುರಿದು, "ಏನಮ್ಮಾ ಇದು, ಗ್ರೀಸು?" ಅಂತ ಕೇಳಿದಳು. ಶಾಲಿಗೂ ಮೆತ್ತಿತ್ತು, ಚೂಡಿದಾರಿನ ಮಂಡಿಗೂ ಮೆತ್ತಿತ್ತು.

"ನಿಮ್ಮ ಹಾಸ್ಟೆಲ್ಲಲ್ಲಿ ಶಾಂಪೂ ಇದ್ಯಾ? ಎರಡು ಸ್ಯಾಶೆ ಕೊಡು" ಅಂದೆ. "ನಿಮ್ಮಪ್ಪನ ಬಾಟಲಿ ಖಾಲಿಯಾಗಿದೆ. ನಾಳೆ ಬೆಳಿಗ್ಗೆ ವಾಪಸ್ ಘಾಟಿ ಹತ್ತಬೇಕು."